ಹೆಸರೇ ಕೇಳಿರದ ಕಾಲೇಜಿಗೆ ಮಗಳನ್ನು ಕಳಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕುತ್ತೇವೆ. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಮಗಳು ಈ ವರ್ಷ ಸೆಕೆಂಡ್ ಪಿಯು, ಪಿಸಿಎಂಬಿ. ಅವಳಿಗೆ ಜೀವಶಾಸ್ತ್ರವೂ ಇಷ್ಟ, ಅರ್ಥಶಾಸ್ತ್ರವೂ ಇಷ್ಟ. ಹುಳು ಮನೆಯಲ್ಲಿ ಥರ್ಮಾಮೀಟರ್ ಇಟ್ಟು, ಹುಳು ತಿಂದ ಸೊಪ್ಪು, ಸತ್ತ ಹುಳು ಎಲ್ಲದರ ಲೆಕ್ಕ ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಅದರ ಬಗ್ಗೆಯೇ ಪ್ರಬಂಧ ಬರೆದು, ತಾನೇ ಅರ್ಜಿ ಹಾಕಿ, ಅಮೆರಿಕದ ಒಂದು ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸೀಟು ತಗೊಂಡಿದ್ದಾಳೆ. ಅಲ್ಲಿ ಒಟ್ಟು 1,700 ಮಕ್ಕಳಂತೆ. ವರ್ಷದ ಖರ್ಚು 88,000 ಡಾಲರ್. ಅದರಲ್ಲಿ ನಮ್ಮ ಪಾಲು 6,500 ಡಾಲರ್, ಉಳಿದದ್ದು ಕಾಲೇಜೇ ಕೊಡುತ್ತದಂತೆ. ನಮ್ಮಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಅವರು 'ಈ ಕಾಲೇಜಿನ ಹೆಸರೇ ಕೇಳಿಲ್ಲ, ಯಾವ ರ್‍ಯಾಂಕಿಂಗ್ ಪಟ್ಟಿಯಲ್ಲೂ ಇಲ್ಲ, ಆರ್ಟ್ಸ್ ಓದೋಕೆ ಅಷ್ಟು ದೂರ ಯಾಕೆ, ಸಿಇಟಿ ಬರೆದು ಎಂಜಿನಿಯರಿಂಗ್ ಸೇರಲಿ' ಅಂತಾರೆ. ಮೇ 1ರೊಳಗೆ ಹೇಳಬೇಕು. ಕಳಿಸಬಹುದಾ?

ಉತ್ತರ: ದಿನ ಕಡಿಮೆ ಇದೆ, ಅದಕ್ಕೆ ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಿಮ್ಮ ಪಾಲು ನಾಲ್ಕು ವರ್ಷವೂ ಹೆಚ್ಚುಕಮ್ಮಿ ಇಷ್ಟೇ ಇರುತ್ತದೆ ಎಂದು ಕಾಲೇಜು ಬರೆದು ಕೊಡಲಿ. ಮಗಳ ಮನಸ್ಸಿನ ಮೂಲೆಯಲ್ಲಿ ಡಾಕ್ಟರ್ ಆಗುವ ಆಸೆ ಇಲ್ಲ ಎಂದು ಖಾತ್ರಿಯಾಗಲಿ. ಈ ಎರಡೂ ಆದರೆ ಕಳಿಸಿ. ಒಂದು ತಪ್ಪಿದರೂ ನನ್ನ ಉತ್ತರ ಬದಲಾಗುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು.

ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ್‍ಯಾಂಕ್ ಕೊಡುವ ಕ್ಯೂಎಸ್ ಥರದ ಪಟ್ಟಿಯಲ್ಲಿ ಹುಡುಕಿದರೆ ಈ ಕಾಲೇಜು ಸಿಗುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಅಮೆರಿಕದ ಹೆಸರಾಂತ ಲಿಬರಲ್ ಆರ್ಟ್ಸ್ ಕಾಲೇಜುಗಳಾದ ವಿಲಿಯಮ್ಸ್, ಆಮರ್ಸ್ಟ್, ಸ್ವಾರ್ತ್‌ಮೋರ್, ಪೊಮೋನಾ ಹುಡುಕಿ ನೋಡಲು ಹೇಳಿ. ಅವೂ ಸಿಗುವುದಿಲ್ಲ. ವಿಲಿಯಮ್ಸ್ ಶುರುವಾದದ್ದು 1793ರಲ್ಲಿ, ಆಮರ್ಸ್ಟ್ 1821ರಲ್ಲಿ. ಅರ್ಜಿ ಹಾಕಿದ ನೂರು ಜನರಲ್ಲಿ ಹತ್ತು ಜನರಿಗೂ ಅಲ್ಲಿ ಸೀಟು ಸಿಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಕಾರಣ ಬೇರೆ. ಆ ಪಟ್ಟಿಗಳು ಅಳೆಯುವುದು ಸಂಶೋಧನೆ ನಡೆಸುವ ದೊಡ್ಡ ವಿಶ್ವವಿದ್ಯಾಲಯಗಳನ್ನು. ಎಷ್ಟು ಸಂಶೋಧನಾ ಲೇಖನ ಬಂತು, ಅದನ್ನು ಎಷ್ಟು ಜನ ಉಲ್ಲೇಖಿಸಿದರು ಎಂದು ನೋಡುತ್ತವೆ. ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಿಎಚ್.ಡಿ. ವಿಭಾಗವೇ ಇರುವುದಿಲ್ಲ. ಪದವಿ ಓದುವ ಮಕ್ಕಳಿಗೆ ಪಾಠ ಮಾಡುವುದೇ ಅವುಗಳ ಮುಖ್ಯ ಕೆಲಸ. ಅಮೆರಿಕದಲ್ಲೂ ಇವಕ್ಕೆ ಬೇರೆಯೇ ಪಟ್ಟಿ ಮಾಡುತ್ತಾರೆ.

'ಆರ್ಟ್ಸ್' ಅನ್ನುವ ಪದವೂ ನಮ್ಮ ಕಡೆ ತೊಂದರೆ ಕೊಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದವರು ಹೋಗುವ ಕಡೆ ಎಂಬ ಭಾವನೆ ಇದೆ. ಅದು ಇಲ್ಲಿನ ಕಲಾ ವಿಭಾಗಕ್ಕೇ ಮಾಡುವ ಅನ್ಯಾಯ, ಆ ವಿಷಯ ಇನ್ನೊಮ್ಮೆ ಮಾತಾಡೋಣ. ಲಿಬರಲ್ ಆರ್ಟ್ಸ್ ಅಂದರೆ ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಎಲ್ಲವೂ ಸೇರಿದ ಓದು. ಎರಡನೇ ವರ್ಷದ ಕೊನೆಯವರೆಗೆ ಮುಖ್ಯ ವಿಷಯ ಯಾವುದು ಅಂತ ಗಟ್ಟಿ ಮಾಡಬೇಕಿಲ್ಲ. ಆಮರ್ಸ್ಟ್‌ನಲ್ಲಿ, ವಿಲಿಯಮ್ಸ್‌ನಲ್ಲಿ ಭೌತಶಾಸ್ತ್ರ ಓದಿದರೂ ಕೊನೆಗೆ ಕೈಗೆ ಬರುವುದು ಬಿ.ಎ. ಪದವಿಯೇ. ನೆಂಟರು 'ಬರೀ ಬಿ.ಎ.ನಾ?' ಎಂದು ಕೇಳುತ್ತಾರೆ, ತಯಾರಾಗಿರಿ. ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕೂಡ 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚಿಕ್ಕ ಕಾಲೇಜಿನಲ್ಲಿ ಅಂಥದ್ದೇನು ಸಿಗುತ್ತದೆ?

ನಾನು ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು. ಒಂದೊಂದು ಸೆಕ್ಷನ್‌ನಲ್ಲಿ ನೂರರ ಮೇಲೆ ಮಕ್ಕಳಿರುತ್ತಿದ್ದರು. ಹಾಜರಿ ಕೂಗುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಒಂದು ದಿನ ಮಧುಗಿರಿ ಕಡೆಯ ಹುಡುಗನೊಬ್ಬ ಶಿಫಾರಸು ಪತ್ರ ಬೇಕು ಅಂತ ಬಂದ. ಮೂರು ವರ್ಷ ನನ್ನ ತರಗತಿಯಲ್ಲಿ ಕೂತಿದ್ದವನು, ಒಳ್ಳೆಯ ಮಾರ್ಕ್ಸ್ ತೆಗೆದಿದ್ದವನು. ಪತ್ರ ಬರೆಯಲು ಕೂತರೆ ಅವನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಅವನು ಯಾವ ಪ್ರಶ್ನೆ ಕೇಳಿದ್ದ, ಎಲ್ಲಿ ಎಡವಿದ್ದ, ಯಾವುದನ್ನು ತಾನೇ ಬಿಡಿಸಿಕೊಂಡಿದ್ದ, ಒಂದೂ ನೆನಪಿಗೆ ಬರಲಿಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ಅದನ್ನೇ ವಾಕ್ಯ ಮಾಡಿ ಬರೆದೆ. ಆ ಪತ್ರ ಇವತ್ತಿಗೂ ನನ್ನನ್ನು ಕಾಡುತ್ತದೆ. ತಪ್ಪು ಅವನದಲ್ಲ, ನನ್ನದೂ ಪೂರ್ತಿ ಅಲ್ಲ. ನೂರು ಮಕ್ಕಳನ್ನು ಒಬ್ಬ ಮೇಷ್ಟ್ರ ಮುಂದೆ ಕೂರಿಸಿದರೆ ಆಗುವುದೇ ಅದು.

ನಿಮ್ಮ ಮಗಳಿಗೆ ಸೀಟು ಕೊಟ್ಟಂಥ ಕಾಲೇಜಿನಲ್ಲಿ ಏಳೆಂಟು ಮಕ್ಕಳಿಗೆ ಒಬ್ಬ ಅಧ್ಯಾಪಕರಿರುತ್ತಾರೆ. ಅಂದರೆ ಪ್ರತಿ ತರಗತಿಯಲ್ಲೂ ಏಳೇ ಜನ ಅಂತಲ್ಲ. ಮೊದಲ ವರ್ಷದ ರಸಾಯನಶಾಸ್ತ್ರಕ್ಕೆ ಮೂವತ್ತು, ನಲವತ್ತು ಜನ ಇರಬಹುದು. ಆದರೆ ಎರಡನೇ ವರ್ಷದಿಂದ ಹದಿನೈದು ಜನ ಒಂದು ಮೇಜಿನ ಸುತ್ತ ಕೂರುವ ತರಗತಿಗಳೇ ಜಾಸ್ತಿ. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಎಂಬ ಪದ್ಧತಿ ಇದೆ. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರು, ಅಷ್ಟೇ. ಈ ವಾರ ಒಬ್ಬಳು ಐದಾರು ಪುಟ ಬರೆದು ತಂದು ಓದುತ್ತಾಳೆ, ಇನ್ನೊಬ್ಬಳು ಅದರಲ್ಲಿ ಎಲ್ಲಿ ಹುರುಳಿಲ್ಲ ಅಂತ ತೋರಿಸುತ್ತಾಳೆ. ಮುಂದಿನ ವಾರ ಅದಲುಬದಲು. ಸ್ವಾರ್ತ್‌ಮೋರ್‌ನಲ್ಲಿ 1922ರಿಂದ ಆನರ್ಸ್ ಓದುವವರಿಗೆ ಹೊರಗಿನಿಂದ ಪರೀಕ್ಷಕರು ಬಂದು, ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಇಂಥ ಕಡೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಓದದೆ ಬಂದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಓದಿಕೊಂಡು ಬಂದರೆ ಅದೂ ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಪ್ರಯೋಗಾಲಯದ ಕೆಲಸ ಹೋಗುವುದು ಮೊದಲು ಪಿಎಚ್.ಡಿ. ವಿದ್ಯಾರ್ಥಿಗಳಿಗೆ. ಚಿಕ್ಕ ಕಾಲೇಜಿನಲ್ಲಿ ಪಿಎಚ್.ಡಿ. ಮಕ್ಕಳೇ ಇಲ್ಲ, ಹಾಗಾಗಿ ಬೇಸಿಗೆಯಲ್ಲಿ ಆ ಕೆಲಸ ಹತ್ತೊಂಬತ್ತು, ಇಪ್ಪತ್ತರ ಮಕ್ಕಳ ಕೈಗೆ ಬರುತ್ತದೆ. ಮಕ್ಕಳ ಸಂಖ್ಯೆಗೆ ಹೋಲಿಸಿ ನೋಡಿದರೆ ಮುಂದೆ ಪಿಎಚ್.ಡಿ. ಮಾಡುವವರ ಪ್ರಮಾಣ ಸ್ವಾರ್ತ್‌ಮೋರ್, ರೀಡ್, ಕಾರ್ಲ್‌ಟನ್, ಗ್ರಿನೆಲ್ ಥರದ ಕಾಲೇಜುಗಳಲ್ಲಿ ಅಮೆರಿಕದಲ್ಲೇ ಮೇಲಿನ ಸಾಲಿನಲ್ಲಿದೆ. 2006ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾನ್ ಮ್ಯಾಥರ್ ಸ್ವಾರ್ತ್‌ಮೋರ್‌ನಲ್ಲಿ ಓದಿದವರು.

ಗ್ರಿನೆಲ್ ಹೆಸರು ಬಂತಲ್ಲ, ಒಂದು ನಿಜ ಕಥೆ ಹೇಳುತ್ತೇನೆ. ನಿಮ್ಮ ಅಣ್ಣನಿಗೂ ಓದಿ ಹೇಳಿ, ಅವರ ಕಂಪನಿಯ ಕಂಪ್ಯೂಟರುಗಳಿಗೂ ಇದಕ್ಕೂ ನಂಟಿದೆ. ಅಯೋವಾ ರಾಜ್ಯದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ ಗ್ರಿನೆಲ್ ಅಂತ ಒಂದು ಊರು. ಇವತ್ತಿಗೂ ಅಲ್ಲಿ ಸುಮಾರು ಹತ್ತು ಸಾವಿರ ಜನ, ಶಿಡ್ಲಘಟ್ಟಕ್ಕಿಂತ ಎಷ್ಟೋ ಚಿಕ್ಕದು. ಅಲ್ಲಿನ ಕಾಲೇಜಿನಲ್ಲಿ ಗ್ರಾಂಟ್ ಗೇಲ್ ಎಂಬ ಭೌತಶಾಸ್ತ್ರದ ಮೇಷ್ಟ್ರಿದ್ದರು. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದರು. ಆ ಸುದ್ದಿ ತಿಳಿದ ಗೇಲ್ ಸುಮ್ಮನೆ ಕೂರಲಿಲ್ಲ. ಅಲ್ಲಿಂದ ವಿವರ ತರಿಸಿಕೊಂಡು ತಮ್ಮ ಮಕ್ಕಳ ಮುಂದಿಟ್ಟರು. ಅವರಲ್ಲಿ ಒಬ್ಬ ರಾಬರ್ಟ್ ನಾಯ್ಸ್. ಅವನು ಹುಡುಗಾಟಕ್ಕೆ ಪಕ್ಕದ ರೈತರೊಬ್ಬರ ಹಂದಿಯನ್ನು ಕದ್ದು ಸಿಕ್ಕಿಬಿದ್ದ. ರೈತರ ನಾಡಿನಲ್ಲಿ ಅದು ದೊಡ್ಡ ಅಪರಾಧ. ಕಾಲೇಜಿನಿಂದ ಪೂರ್ತಿ ಹೊರಗೆ ಹಾಕುವ ಹಂತಕ್ಕೆ ಹೋಯಿತು. ಆ ಹುಡುಗ ಎಂಥವನು ಅಂತ ಗೇಲ್ ಅವರಿಗೆ ಗೊತ್ತಿತ್ತು. ಅವರೂ ಕಾಲೇಜಿನ ಅಧ್ಯಕ್ಷರೂ ಮಧ್ಯೆ ಬಂದರು. ಶಿಕ್ಷೆ ಒಂದು ಸೆಮಿಸ್ಟರ್ ಅಮಾನತಿಗೆ ಇಳಿಯಿತು. ನಾಯ್ಸ್ 1949ರಲ್ಲಿ ಪದವಿ ಮುಗಿಸಿ, ಎಂಐಟಿಯಲ್ಲಿ ಪಿಎಚ್.ಡಿ. ಮಾಡಿ, 1959ರಲ್ಲಿ ಸಿಲಿಕಾನ್ ಇಂಟಿಗ್ರೇಟೆಡ್ ಸರ್ಕ್ಯೂಟ್ (ಇವತ್ತಿನ ಕಂಪ್ಯೂಟರ್ ಚಿಪ್‌ನ ಮೂಲರೂಪ) ರೂಪಿಸಿ, 1968ರಲ್ಲಿ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು.

ಮಧುಗಿರಿಯ ಆ ಹುಡುಗ ಇಂಥದ್ದೇ ತಪ್ಪು ಮಾಡಿ ಸಿಕ್ಕಿಬಿದ್ದಿದ್ದರೆ ನಾನು ಅವನ ಪರ ಏನು ಹೇಳಲು ಆಗುತ್ತಿತ್ತು? ಚಿಕ್ಕ ಕಾಲೇಜಿನಲ್ಲಿ ನೀವು ದುಡ್ಡು ಕೊಟ್ಟು ಪಡೆಯುವುದು ಇದನ್ನೇ, ಮಗುವನ್ನು ಬಲ್ಲ ಮೇಷ್ಟ್ರನ್ನು. ಕಟ್ಟಡ, ಹುಲ್ಲುಹಾಸು, ವೆಬ್‌ಸೈಟಿನ ಫೋಟೋ ಎಲ್ಲ ಆಮೇಲೆ.

ಇದು ನಮಗೆ ಹೊಸದೂ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟರು, ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ದಶಕಗಟ್ಟಲೆ ಬಾಳಿದ್ದು ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ಮಕ್ಕಳ ನಡುವೆ. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ಕಾಲೇಜು ತೆರೆಯಲು ಅವರೇ ಕಾರಣ. ಅವರ ಕೈಯಲ್ಲಿ ಕಲಿತವರು ಪಾಠಕ್ಕಿಂತ ಮೊದಲು ಆ ಮನುಷ್ಯನನ್ನು ನೆನೆಯುತ್ತಾರೆ. ಅಂಥ ಮೇಷ್ಟ್ರು ನಮ್ಮಲ್ಲಿ ಸಿಗುವುದು ಅದೃಷ್ಟದ ಮೇಲೆ. ಒಳ್ಳೆಯ ಚಿಕ್ಕ ಕಾಲೇಜಿನಲ್ಲಿ ಅದಕ್ಕೆ ಅಂತಲೇ ವ್ಯವಸ್ಥೆ ಮಾಡಿರುತ್ತಾರೆ.

'ಒಳ್ಳೆಯ' ಅನ್ನುವ ಮಾತು ಮುಖ್ಯ. ಚಿಕ್ಕದು ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ದುಡ್ಡಿಲ್ಲದೆ ಬಾಗಿಲು ಹಾಕಿದ ಚಿಕ್ಕ ಕಾಲೇಜುಗಳೂ ಅಮೆರಿಕದಲ್ಲಿ ಬೇಕಾದಷ್ಟಿವೆ. ಗಟ್ಟಿಯಾಗಿ ನಿಂತವಕ್ಕೆ ದತ್ತಿನಿಧಿ ಇರುತ್ತದೆ, ನಮ್ಮ ಮಠಗಳ ದಾಸೋಹ ನಿಧಿಯ ಹಾಗೆ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣ ಬೆಳೆದು, ಅದರ ಆದಾಯದಲ್ಲಿ ಕಾಲೇಜು ನಡೆಯುತ್ತದೆ. ಗ್ರಿನೆಲ್‌ನ ನಿಧಿ 200 ಕೋಟಿ ಡಾಲರ್ ದಾಟಿದೆ, ವಿಲಿಯಮ್ಸ್‌ನದು 300 ಕೋಟಿ ದಾಟಿದೆ. 1,700 ಮಕ್ಕಳಿರುವ ಕಾಲೇಜು ನಿಮ್ಮ ಮಗಳಿಗಾಗಿ ವರ್ಷಕ್ಕೆ 81,500 ಡಾಲರ್ ಭರಿಸಲು ಮುಂದೆ ಬಂದಿದೆ ಅಂದರೆ ಅಂಥ ನಿಧಿ ಇರಲೇಬೇಕು. ಆದರೂ ಕಾಲೇಜಿನ ವಾರ್ಷಿಕ ವರದಿ ತೆಗೆದು ಎಷ್ಟಿದೆ ಅಂತ ನೋಡಿ. ಮಗಳಿಗೆ ಅರ್ಧ ಗಂಟೆಯ ಕೆಲಸ.

ದುಡ್ಡಿನ ಮಾತಿಗೇ ಬಂದೆವಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಜನ ಮೋಸ ಹೋಗುವುದು ಇಲ್ಲೇ. ಕಾಲೇಜು ಕೊಡುವ ನೆರವಿನಲ್ಲಿ ಎರಡು ಬಗೆ. ಒಂದು, ನಿಮ್ಮ ಆದಾಯ, ಆಸ್ತಿ ನೋಡಿ 'ನಿಮ್ಮಿಂದ ಇಷ್ಟು ಆಗುತ್ತದೆ, ಉಳಿದದ್ದು ನಮ್ಮದು' ಎನ್ನುವುದು. ನಿಮ್ಮದು ಈ ಬಗೆಯದು. ಇನ್ನೊಂದು, 'ನಿಮ್ಮ ಮಗು ಜಾಣ, ಅದಕ್ಕೆ ಇಷ್ಟು ಡಾಲರ್ ಸ್ಕಾಲರ್‌ಶಿಪ್' ಎನ್ನುವುದು. ಎರಡನೆಯದು ಕೇಳಲು ಚಂದ. ಗುಬ್ಬಿ ಕಡೆಯ ಒಂದು ಕುಟುಂಬ ಇಂಥ ಪತ್ರ ಹಿಡಿದು ನನ್ನ ಮನೆಗೆ ಬಂದಿತ್ತು. ಮಗನಿಗೆ ವರ್ಷಕ್ಕೆ 30,000 ಡಾಲರ್ ಸ್ಕಾಲರ್‌ಶಿಪ್ ಅಂತ ಮನೆಮಂದಿಗೆಲ್ಲ ಸಂಭ್ರಮ. ನಾನು ಪತ್ರದ ಎರಡನೇ ಪುಟ ತೆಗೆಸಿದೆ. ಒಟ್ಟು ಖರ್ಚು 85,000. ಅಂದರೆ ಮನೆಯವರು ಹೊಂದಿಸಬೇಕಾದದ್ದು 55,000 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 46 ಲಕ್ಷದ ಮೇಲೆ, ನಾಲ್ಕು ವರ್ಷಕ್ಕೆ 1 ಕೋಟಿ 87 ಲಕ್ಷ. ಅಪ್ಪ ಅಡಿಕೆ ತೋಟ ಅಡ ಇಡುವ ಮಾತಾಡಿದರು. ಬೇಡ ಅಂತ ಕೈ ಮುಗಿದು ಹೇಳಿದೆ. ಹುಡುಗ ಇಲ್ಲೇ ಬಿ.ಎಸ್ಸಿ. ಸೇರಿದ. ಆ ದಿನ ಅವನ ಮುಖ ಸಪ್ಪೆಯಾಗಿತ್ತು, ನನಗೂ ಸಂಕಟವಾಯಿತು. ಆದರೂ ಆ ಸಲಹೆಯನ್ನು ಇವತ್ತೂ ಬದಲಾಯಿಸುವುದಿಲ್ಲ.

ನಿಮ್ಮ ಲೆಕ್ಕ ಬೇರೆ. 6,500 ಡಾಲರ್ ಅಂದರೆ ಈಗಿನ ದರದಲ್ಲಿ ವರ್ಷಕ್ಕೆ 5.5ರಿಂದ 6 ಲಕ್ಷ. ಹೈಸ್ಕೂಲ್ ಮೇಷ್ಟ್ರ ಸಂಬಳ, ಎರಡು ಎಕರೆ ರೇಷ್ಮೆ, ಇದರಲ್ಲಿ ಬಿಗಿಯಾಗುತ್ತದೆ. ಅಸಾಧ್ಯ ಏನಲ್ಲ. ಮಗಳು ಕ್ಯಾಂಪಸ್ಸಿನೊಳಗೆ, ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಅವಕಾಶವಿದೆ. ಲೈಬ್ರರಿಯಲ್ಲೋ ಊಟದ ಹಾಲ್‌ನಲ್ಲೋ ವಾರಕ್ಕೆ ಎಂಟು ಹತ್ತು ಗಂಟೆ ಮಾಡಿದರೆ ಕೈಖರ್ಚು ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಮಾಡಿಸಬೇಡಿ, ಓದು ಹಾಳಾಗುತ್ತದೆ. ಆದರೆ 6,500ರ ಹೊರಗೆ ಏನೇನು ಉಳಿದಿದೆ ಅಂತ ಕೇಳಲೇಬೇಕು. ಆರೋಗ್ಯ ವಿಮೆ ಸೇರಿದೆಯಾ? ಅಲ್ಲಿ ಅದೊಂದೇ ವರ್ಷಕ್ಕೆ ಲಕ್ಷಗಳಲ್ಲಿರುತ್ತದೆ. ವಿಮಾನದ ಟಿಕೆಟ್ ಸೇರಿದೆಯಾ? ಚಳಿಗಾಲದ ರಜೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಮಗು ಎಲ್ಲಿರಬೇಕು? ಕಾಲೇಜು ಕೊಡುತ್ತೇನೆ ಅಂದ ಮೊತ್ತದಲ್ಲಿ ಸಾಲ ಅಂತ ಏನಾದರೂ ಸೇರಿದೆಯಾ? ಎಲ್ಲಕ್ಕಿಂತ ಮುಖ್ಯ, ಫೀಸು ಪ್ರತಿ ವರ್ಷ ಏರುತ್ತದೆ, ಏರಿದಾಗ ನೆರವೂ ಏರುತ್ತದಾ? ಎರಡನೇ ವರ್ಷ ನಿಮ್ಮ ಪಾಲು 6,500 ಇದ್ದದ್ದು 11,000 ಆದರೆ ಎಲ್ಲಿಂದ ತರುತ್ತೀರಿ? ಮಧ್ಯದಲ್ಲಿ ಬಿಟ್ಟು ಬರುವುದು ಸೇರದೇ ಇರುವುದಕ್ಕಿಂತ ಕಷ್ಟ.

ಜಮೀನಿನ ಮೇಲೆ ಸಾಲ ಮಾತ್ರ ಬೇಡ. ಅಮೆರಿಕದಲ್ಲಿ ಕೆಲಸ ಸಿಗುತ್ತದೆ, ತೀರಿಸಿಬಿಡುತ್ತಾಳೆ ಎಂಬ ಲೆಕ್ಕವೂ ಬೇಡ. ಓದು ಮುಗಿದ ಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಲು ಅನುಮತಿ ಸಿಗುತ್ತದೆ. ವಿಜ್ಞಾನ, ಗಣಿತದ ವಿಷಯವಾದರೆ ಇನ್ನೂ 24 ತಿಂಗಳು. ಆಮೇಲೆ ಕೆಲಸ ಮಾಡುವವರಿಗೆ ಕೊಡುವ ಎಚ್-1ಬಿ ವೀಸಾ, ಅದು ಲಾಟರಿ. ಈ ನಿಯಮಗಳು ಸರ್ಕಾರ ಬದಲಾದಂತೆ ಬದಲಾಗುತ್ತವೆ. ನಾಲ್ಕು ವರ್ಷ ಆದ ಮೇಲೆ ವಾಪಸ್ ಬಂದರೂ ಮನೆಗೆ ಹೊರೆಯಾಗಬಾರದು, ಲೆಕ್ಕ ಆ ಥರ ಇರಲಿ. ವಾಪಸ್ ಬಂದು ಇಲ್ಲಿ ಎಂ.ಎಸ್ಸಿ. ಅಥವಾ ಸರ್ಕಾರಿ ನೌಕರಿ ಅಂದರೆ ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ಕಾಗದಪತ್ರದ ಕೆಲಸ, ಆಗದ ಕೆಲಸ ಏನಲ್ಲ.

ಡಾಕ್ಟರ್ ವಿಷಯ. ಪಿಸಿಎಂಬಿ ತೆಗೆದುಕೊಂಡಿದ್ದಾಳೆ, ಜೀವಶಾಸ್ತ್ರ ಇಷ್ಟ ಅಂತ ಬರೆದಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮಲ್ಲಿ ನೀಟ್ ಬರೆದು ಪಿಯು ಆದ ಮೇಲೆ ನೇರವಾಗಿ ಎಂಬಿಬಿಎಸ್ ಸೇರಬಹುದು. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಮತ್ತೆ ನಾಲ್ಕು ವರ್ಷದ ಮೆಡಿಕಲ್ ಕಾಲೇಜು. ಹೊರದೇಶದ ಮಕ್ಕಳನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳು ಅಲ್ಲಿ ಬಹಳ ಕಡಿಮೆ, ನೆರವು ಅದಕ್ಕಿಂತಲೂ ಕಡಿಮೆ. ಅವಳಿಗೆ ಬಿಳಿ ಕೋಟಿನ ಆಸೆ ಇದ್ದರೆ ಈ ಕಾಲೇಜು ಎಷ್ಟೇ ಒಳ್ಳೆಯದಾಗಿದ್ದರೂ ದಾರಿ ಸುತ್ತಾಗುತ್ತದೆ. ಇದನ್ನು ನೀವು ಕೇಳಬೇಡಿ, ನಿಮ್ಮ ಮುಂದೆ ನಿಮಗೆ ಇಷ್ಟವಾಗುವ ಉತ್ತರ ಕೊಡಬಹುದು. ಅವಳ ಸ್ನೇಹಿತೆಯಿಂದಲೋ ಚಿಕ್ಕಮ್ಮನಿಂದಲೋ ಕೇಳಿಸಿ.

ಆ ನೋಟ್‌ಬುಕ್ಕಿನ ವಿಷಯ ಓದಿ ನನಗೆ ತುಂಬಾ ಖುಷಿಯಾಯಿತು. ನನ್ನ ಅಭಿಪ್ರಾಯದ ಅರ್ಧ ತೂಕ ಅದರಲ್ಲೇ ಇದೆ. ತೇವ ಹೆಚ್ಚಿ, ಚಳಿಯಾದಾಗ ಸುಣ್ಣಕಟ್ಟು (ಹುಳು ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗಿ ಸಾಯುವ ರೋಗ) ಬರುತ್ತದೆ ಅಂತ ಹುಳು ಸಾಕುವ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಥರ್ಮಾಮೀಟರ್ ಇಟ್ಟು, ಒಂದೊಂದು ಜ್ವರದ (ಹುಳು ಪೊರೆ ಬಿಡುವ) ಹೊತ್ತಿಗೆ ಹುಳು ಎಷ್ಟು ಸೊಪ್ಪು ತಿಂದಿತು, ಯಾವ ತಟ್ಟೆಯಲ್ಲಿ ಎಷ್ಟು ಸತ್ತವು ಅಂತ ಎರಡು ವರ್ಷ ಬರೆದಿಡುವ ಮಗು ಅದನ್ನು ಯಾರೋ ಹೇಳಿಕೊಟ್ಟರು ಅಂತ ಬರೆದದ್ದಲ್ಲ. ಇನ್ನು ಅರ್ಥಶಾಸ್ತ್ರ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತಗೊಂಡು ಹೋದ ಮನೆಯ ಮಗಳಿಗೆ ಅದು ಯಾಕೆ ಇಷ್ಟ ಅಂತ ನನಗೆ ಅರ್ಥವಾಗುತ್ತದೆ. ಮೊನ್ನೆ ಇದ್ದ ರೇಟು ಇವತ್ತು ಯಾಕಿಲ್ಲ? ಅದೇ ಗೂಡಿಗೆ ನೂಲು ತೆಗೆಯುವ ರೀಲರ್ ಒಬ್ಬ ಒಂದು ರೇಟು, ಇನ್ನೊಬ್ಬ ಇನ್ನೊಂದು ರೇಟು ಯಾಕೆ ಕೂಗುತ್ತಾನೆ? ಹುಳುವಿನ ರೋಗಕ್ಕೂ ಗೂಡಿನ ರೇಟಿಗೂ ಏನು ನಂಟು? ಇವೆರಡನ್ನೂ ಒಟ್ಟಿಗೆ ಓದಲು ನಮ್ಮ ಪದವಿ ಕಾಲೇಜಿನಲ್ಲಿ ದಾರಿ ಸಿಗುವುದು ಕಷ್ಟ. ನಮ್ಮ ಬಿ.ಎಸ್ಸಿ.ಯಲ್ಲಿ ಮೂರು ವಿಷಯ, ಎರಡು ಭಾಷೆ ಇತ್ತು, ಅದು ಒಳ್ಳೆಯದೇ. ಆದರೆ ಪಿಸಿಎಂ (ಭೌತ, ರಸಾಯನ, ಗಣಿತ) ಅಂದರೆ ಪಿಸಿಎಂ, ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಅಂದರೆ ಸಿಬಿಜೆಡ್. ಅರ್ಥಶಾಸ್ತ್ರ ಬೇಕಾದವರು ಪಕ್ಕದ ಬ್ಲಾಕಿಗೆ ಹೋಗಬೇಕು. 2021-22ರಲ್ಲಿ ಹೊಸ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ತಂದು ಬೇರೆ ವಿಭಾಗದ ವಿಷಯ ಓದಲು ಅವಕಾಶ ಕೊಟ್ಟರು. 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಬಂದೆವು. ಮಧ್ಯೆ ಸಿಕ್ಕಿಕೊಂಡವರು ಮಕ್ಕಳು.

ಹಾಗಂತ ಎಂಜಿನಿಯರಿಂಗ್ ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ಎಷ್ಟು ಮನೆಗಳ ದೆಸೆ ಬದಲಿಸಿದೆ ಅಂತ ಕಣ್ಣಾರೆ ನೋಡಿದ್ದೇನೆ. ಸರ್ಕಾರಿ ಕೋಟಾದ ಸೀಟಾದರೆ ಖರ್ಚೂ ಕಡಿಮೆ. ಯಂತ್ರ, ಕೋಡಿಂಗ್ ಅಂದರೆ ಊಟ ಬಿಟ್ಟು ಕೂರುವ ಮಗುವಿಗೆ ಅದೇ ಸರಿ. ನಿಮ್ಮ ಮಗಳ ಬಗ್ಗೆ ನೀವು ಬರೆದ ಹತ್ತು ಸಾಲಿನಲ್ಲಿ ಎಂಜಿನಿಯರಿಂಗ್ ಅಂತ ಬಂದದ್ದು ಅಣ್ಣನ ಬಾಯಲ್ಲಿ ಮಾತ್ರ, ಅದಕ್ಕೆ ಹೇಳಿದೆ.

ಇನ್ನು ಕಷ್ಟಗಳು. ಇವನ್ನು ಮುಚ್ಚಿಟ್ಟು ನಾನು ಸಲಹೆ ಕೊಡಲಾರೆ. ಚಳಿ, ಊಟ ಇವು ಒಂದು ಚಳಿಗಾಲದಲ್ಲಿ ಅಭ್ಯಾಸವಾಗುತ್ತವೆ. ಮುದ್ದೆ, ಬಸ್ಸಾರು ನೆನಪಾಗಿ ಅಳುತ್ತಾಳೆ, ಫೋನ್ ಮಾಡುತ್ತಾಳೆ, ಸರಿಹೋಗುತ್ತದೆ. ಅದಕ್ಕಿಂತ ಆಳದ ಕಷ್ಟ ಬೇರೆ. ಇವು ಶ್ರೀಮಂತರ ಮಕ್ಕಳು ತುಂಬಿರುವ ಕಾಲೇಜುಗಳು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2017ರಲ್ಲಿ ಅಮೆರಿಕದ ಕಾಲೇಜುಗಳ ಲೆಕ್ಕ ತೆಗೆದರು. 38 ಕಾಲೇಜುಗಳಲ್ಲಿ ಆ ದೇಶದ ಅತಿ ಶ್ರೀಮಂತ ನೂರಕ್ಕೊಂದು ಭಾಗದ ಮನೆಗಳ ಮಕ್ಕಳು, ಕೆಳಗಿನ ನೂರಕ್ಕೆ ಅರವತ್ತು ಭಾಗದ ಮನೆಗಳ ಮಕ್ಕಳಿಗಿಂತ ಜಾಸ್ತಿ ಇದ್ದರು. ಕೋಲ್ಬಿ, ಮಿಡಲ್‌ಬರಿ ಥರದ ಚಿಕ್ಕ ಕಾಲೇಜುಗಳೂ ಆ ಪಟ್ಟಿಯಲ್ಲಿದ್ದವು. ಪಕ್ಕದ ರೂಮಿನವಳು ರಜೆಗೆ ಹಿಮದಲ್ಲಿ ಜಾರಲು ಯುರೋಪಿಗೆ ಹೋಗುತ್ತಾಳೆ. ನಿಮ್ಮ ಮಗಳು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿರುತ್ತಾಳೆ. 1,700 ಜನರಲ್ಲಿ ಕನ್ನಡ ಮಾತಾಡುವವರು ಒಬ್ಬರೂ ಇರದೇ ಹೋಗಬಹುದು. ಚಿಕ್ಕ ಜಾಗದಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಾಗುತ್ತದೆ. ಇಬ್ಬರು ಗೆಳತಿಯರ ಜೊತೆ ಮನಸ್ತಾಪವಾದರೆ ತಪ್ಪಿಸಿಕೊಂಡು ಹೋಗಲು ಇನ್ನೊಂದು ಬೀದಿ ಇರುವುದಿಲ್ಲ. ಹಳ್ಳಿಯ ಹಾಗೇ ಅದು.

ತರಗತಿಯಲ್ಲೂ ಮೊದಲ ವರ್ಷ ಏಟು ಬೀಳುತ್ತದೆ. ನಮ್ಮ ಮಕ್ಕಳಿಗೆ ಇಂಪಾರ್ಟೆಂಟ್ ಪ್ರಶ್ನೆ, ಗೈಡು, ಬಾಯಿಪಾಠ ಇದರ ಅಭ್ಯಾಸ. ಮೇಷ್ಟ್ರ ಮಾತಿಗೆ ಎದುರು ಮಾತಾಡುವುದು ಅಗೌರವ ಅಂತ ಕಲಿತಿರುತ್ತಾರೆ. ಅಲ್ಲಿ ಮಾತಾಡದೆ ಕೂತರೆ ಮಾರ್ಕ್ಸ್ ಹೋಗುತ್ತದೆ. ವಾರ ವಾರ ಬರೆಯಬೇಕು, ಸ್ವಂತದ್ದನ್ನೇ ಬರೆಯಬೇಕು. ಪುಸ್ತಕದಿಂದ ಎರಡು ಸಾಲು ಹೇಳದೆ ಎತ್ತಿದರೆ ಕಾಲೇಜು ಬಿಡಿಸುವವರೆಗೂ ಹೋಗಬಹುದು. ಇದನ್ನು ಹೋಗುವ ಮೊದಲೇ ಅವಳಿಗೆ ಸ್ಪಷ್ಟವಾಗಿ ಹೇಳಿ. ಬರವಣಿಗೆಗೆ ಸಹಾಯ ಮಾಡುವ ಕೇಂದ್ರ ಇಂಥ ಕಾಲೇಜುಗಳಲ್ಲಿ ಇರುತ್ತದೆ, ಮೊದಲ ವಾರದಿಂದಲೇ ಹೋಗಲಿ. ನಾಚಿಕೆ ಬೇಡ. ನಿಮ್ಮ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಅಂತ ಮೂರರಲ್ಲಿ ಬೆಳೆದವರು. ಭಾಷೆ ದಾಟುವುದು ಅವರಿಗೆ ಹೊಸದಲ್ಲ.

ಒಂದು ವೇಳೆ ಹಣದ ಉತ್ತರ ಸರಿ ಬರದಿದ್ದರೆ? ಇಲ್ಲೇ ಹತ್ತಿರದಲ್ಲಿ ದಾರಿಗಳಿವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರವೂ ಇದೆ, ಅರ್ಥಶಾಸ್ತ್ರವೂ ಇದೆ, ಮನೆಯ ಆದಾಯ ನೋಡಿ ಫೀಸಿನಲ್ಲಿ ನೆರವು ಕೊಡುತ್ತಾರೆ. ಸರ್ಜಾಪುರದ ಕ್ಯಾಂಪಸ್ಸಿನಿಂದ ಶಿಡ್ಲಘಟ್ಟಕ್ಕೆ ಶನಿವಾರ ಬಂದು ಸೋಮವಾರ ಹೋಗಬಹುದು. ಹರಿಯಾಣದ ಸೋನಿಪತ್‌ನಲ್ಲಿ 2014ರಲ್ಲಿ ಶುರುವಾದ ಅಶೋಕ ವಿಶ್ವವಿದ್ಯಾಲಯವೂ ಇದೇ ಮಾದರಿಯದು. ಅಲ್ಲಿ ಫೀಸು ಜಾಸ್ತಿ, ನೆರವೂ ಇದೆ. ವಿಜ್ಞಾನದ ಕಡೆಗೇ ಮನಸ್ಸು ವಾಲಿದರೆ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ 2011ರಿಂದ ನಡೆಯುತ್ತಿದೆ. ಚಿಕ್ಕ ಬ್ಯಾಚು, ವಿಜ್ಞಾನದ ಜೊತೆ ಮಾನವಿಕ ವಿಷಯಗಳನ್ನೂ ಓದಿಸುತ್ತಾರೆ, ಫೀಸು ಕಡಿಮೆ. ಸೀಟು ಸಿಗುವುದು ಬಹಳ ಕಷ್ಟ, ಆದರೆ ಪ್ರಯತ್ನಿಸಲು ಅಡ್ಡಿಯಿಲ್ಲ. ಈ ಮೂರರ ಅರ್ಜಿಯ ಕೊನೆ ದಿನಾಂಕಗಳನ್ನು ಇವತ್ತೇ ನೋಡಿಡಿ. ಸಿಇಟಿಯನ್ನೂ ಬರೆಯಲಿ. ವೀಸಾ ಕೈಗೆ ಬರುವವರೆಗೆ ಇಲ್ಲಿನ ಒಂದು ಸೀಟನ್ನು ಬಿಡಬೇಡಿ. ಪ್ರವೇಶ ಸಿಕ್ಕಿಯೂ ವೀಸಾ ಸಿಗದ ಮಕ್ಕಳನ್ನು ನಾನು ನೋಡಿದ್ದೇನೆ.

ಈಗ ಮಾಡಬೇಕಾದ ಕೆಲಸ. ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಮಗಳೇ ಇಮೇಲ್ ಬರೆಯಲಿ. ವಿಮೆ, ಟಿಕೆಟ್, ರಜೆಯಲ್ಲಿ ವಸತಿ, ಸಾಲ, ಫೀಸು ಏರಿದಾಗ ನೆರವು, ಈ ಐದನ್ನೂ ನೇರವಾಗಿ ಕೇಳಲಿ. ಹೀಗೆ ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ, ಅದು ಅವರ ದಿನನಿತ್ಯದ ಕೆಲಸ. ಜೊತೆಗೆ ಜೀವಶಾಸ್ತ್ರ ವಿಭಾಗದ ಒಬ್ಬ ಅಧ್ಯಾಪಕರಿಗೂ ಬರೆಯಲಿ. 'ನಮ್ಮ ಹುಳು ಮನೆಯ ಎರಡು ವರ್ಷದ ಅಂಕಿಅಂಶ ನನ್ನ ಬಳಿ ಇದೆ, ಇದರಿಂದ ಏನು ಮಾಡಬಹುದು?' ಅಂತ ಎರಡೇ ಸಾಲು ಸಾಕು. ಅವರು ಎಷ್ಟು ದಿನಕ್ಕೆ ಉತ್ತರ ಕೊಡುತ್ತಾರೆ, ಏನು ಕೇಳುತ್ತಾರೆ ಅನ್ನುವುದರಲ್ಲಿ ಆ ಕಾಲೇಜು ಎಂಥದ್ದು ಅಂತ ನಿಮಗೆ ಗೊತ್ತಾಗುತ್ತದೆ. ಎರಡೂ ಉತ್ತರ ಬಂದ ಮೇಲೆ ನನಗೆ ಕಳಿಸಿ. ಯಜಮಾನರ ಸಂಬಳದ ಚೀಟಿ, ಕಳೆದ ವರ್ಷ ಗೂಡು ಮಾರಿದ ಲೆಕ್ಕ, ಮನೆಯಲ್ಲಿ ಈಗಾಗಲೇ ಇರುವ ಸಾಲದ ವಿವರವನ್ನೂ ಜೊತೆಗಿಡಿ. ಮೇ 1ಕ್ಕೆ ಮೊದಲು ನಾವೆಲ್ಲ ಕೂತು ನಾಲ್ಕು ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯೋಣ. ನಿಮ್ಮ ಅಣ್ಣನನ್ನೂ ಕರೆಯಿರಿ.